ಉಳಿಕೆ ತೋರಿಸಿ ಒಳಗೆ ಬಾ

"ಕೇಳಿರಪ್ಪೋ ಕೇಳಿ! ಹೊರನಾಡುಗಳಿಂದ ಬಂದು, ದೀರ್ಘವಾಸದ ಮುದ್ರೆ ಪಡೆದು, ತಾವರೆಗಡಿಯಲ್ಲಿ ನೆಲೆಸಿದವರೆಲ್ಲ ಕೇಳಿ! ಗಡಿ ದಾಟಿ ಹೋದವರು ಮರಳುವಾಗ ತಾವು ಕೂಡಿಟ್ಟ ಉಳಿಕೆಯ ಗಂಟನ್ನು ಬಾಗಿಲಲ್ಲಿ ತೋರಿಸಬೇಕೆಂಬ ಕಟ್ಟಳೆ ಇಂದಿಗೆ ರದ್ದು. ಇನ್ನು ಮೇಲೆ ರಾಜಕುಮಾರಿ ನೀಲಾಜಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರು ಒಳಗೆ. ತಪ್ಪು ಹೇಳಿದವರು ಹುಟ್ಟಿಲ್ಲದ ದೋಣಿಯಲ್ಲಿ ಜಲಪಾತದ ಬಾಯಿಗೆ!"

ಡಂಗುರದ ಸದ್ದು ಮಂಜಿನಲ್ಲಿ ಕರಗಿತು. ತಾವರೆಗಡಿಯ ಸುತ್ತ ಮಂಜು ಎಂದೂ ಪೂರ್ತಿ ಸರಿಯುತ್ತಿರಲಿಲ್ಲ. ಹೊಳೆ ನಿದ್ದೆಯಲ್ಲಿ ನಡೆಯುವವರ ಹಾಗೆ ಹರಿಯುತ್ತಿತ್ತು. ಕೋಟೆಯ ಬಿಳಿ ಬಾಗಿಲು ಒಮ್ಮೆ ಕೈಗೆಟಕುವಂತೆ, ಒಮ್ಮೆ ಎಂದೋ ಕಂಡು ಮರೆತದ್ದರಂತೆ ಕಾಣುತ್ತಿತ್ತು.

ಕಟ್ಟಳೆ ರದ್ದಾಗಲು ಕಾರಣವಿತ್ತು. ಬಾಗಿಲಾಚೆ ಗಂಟು ಬಾಡಿಗೆಗೆ ಕೊಡುವ ಅಂಗಡಿಗಳು ಹುಟ್ಟಿಕೊಂಡಿದ್ದವು. ಗಂಟು ಹೊತ್ತು ತೋರಿಸಿ ಒಳಗೆ ಹೋಗುವುದು, ಮರುಗಳಿಗೆಯೇ ಗೋಡೆಯ ಮೇಲಿಂದ ಅಂಗಡಿಯವನಿಗೆ ಎಸೆಯುವುದು. ಒಂದು ದಿನ ರಾಜಕುಮಾರಿ ತಾನೇ ಬಾಗಿಲಲ್ಲಿ ಕುಳಿತಿದ್ದಾಗ, ಹಸಿರು ತೇಪೆಯ ಒಂದೇ ಗಂಟು ಬೇರೆ ಬೇರೆ ಹೆಗಲೇರಿ ಮತ್ತೆ ಮತ್ತೆ ಬಂತು. "ಪಾಪ, ಈ ಗಂಟಿಗೆ ನಮ್ಮ ನಾಡಿನ ಮೇಲೆ ಎಷ್ಟು ಪ್ರೀತಿ!" ಎಂದಳಂತೆ. ಬಾಡಿಗೆಗೆ ತಂದ ಸತ್ಯ ಸುಳ್ಳೇ ಹೌದು. ಆದರೆ ಆ ಸುಳ್ಳನ್ನು ಜನಕ್ಕೆ ಕಲಿಸಿದ್ದು ಕಟ್ಟಳೆಯೇ ಎಂಬುದನ್ನೂ ಅವಳು ಒಪ್ಪಿಕೊಂಡಳು.

ಆ ಬೆಳಗ್ಗೆ ಗಡಿಯಾಚೆಯಿಂದ ಮರಳಿದ ಮೂವರು ಬಾಗಿಲಾಚೆ ನಿಂತಿದ್ದರು. ಅತ್ತರಿನ ಪುಟ್ಟಯ್ಯಸೆಟ್ಟಿ, ಕುದುರೆ ಕಾಳಗದಲ್ಲಿ ಹೆಸರಾದ ರಾವುತ ಬಸವಂತ, ಮತ್ತು ಚಾಪೆ ಹೆಣೆಯುವ ಸಣ್ಣೀರ. ಸಣ್ಣೀರನ ಹೆಂಡತಿ ಕೆಂಪವ್ವ ಕೋಟೆಯೊಳಗೆ ತುಂಬು ಬಸುರಿ. ಒಬ್ಬಳೇ ಇದ್ದಳು. ತಂಗಿಯ ಮದುವೆಗೆಂದು ಗಡಿ ದಾಟಿದ ಸಣ್ಣೀರ ಕೂಡಿಟ್ಟದ್ದನ್ನೆಲ್ಲ ಅಲ್ಲೇ ಖರ್ಚು ಮಾಡಿ ಬಂದಿದ್ದ.

"ಏನೋ ಸಣ್ಣೀರ, ಬರಿಗೈಲಿ ಬಂದೆಯಾ?" ಸೆಟ್ಟಿ ನಕ್ಕ.

"ಗಂಟು ಬಿಚ್ಚಿ ತಂಗಿಗೆ ಬ್ರಹ್ಮಗಂಟು ಹಾಕಿಸಿದೆ, ಸೆಟ್ಟರೇ. ಇನ್ನೇನು ಉಳಿಯುತ್ತೆ?"

"ಸುಮ್ಮನೆ ಹಿಂದಿರುಗು ತಮ್ಮಾ," ಎಂದ ರಾವುತ. "ದೋಣಿ ನೋಡಿದೆಯಾ?"

ನೋಡಿದ್ದ. ಆದರೂ ನಿಂತ.

ಮಂಜಿನೊಳಗಿಂದ ರಾಜಕುಮಾರಿಯ ದನಿ ಬಂತು. "ಒಂದು ಚೀಲವಿದೆ. ಎಷ್ಟು ತುಂಬಿಸಿದರೂ ನಾಳೆಗೆ ಉಳಿಸಿಕೊಳ್ಳದು. ತುಂಬಿದಾಗ ಮಾತಿಲ್ಲ, ಬರಿದಾದಾಗ ಗುಡುಗುತ್ತದೆ. ಯಾವುದು?"

ಸೆಟ್ಟಿ ಮುಂದೆ ಬಂದ. "ಇದೇನು ಮಹಾ, ಅಮ್ಮಣ್ಣಿ! ಹಣದ ಚೀಲ."

"ಬರಿದಾದ ಹಣದ ಚೀಲ ಗುಡುಗಿದ್ದನ್ನು ಎಲ್ಲಿ ಕೇಳಿದಿರಿ, ಸೆಟ್ಟರೇ? ದೋಣಿ ಹತ್ತಿ."

ಆಗಲೇ ಸಣ್ಣೀರನ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರ್ರೆಂದಿತು. ಅವನು ನಾಚಿ ಅದರ ಮೇಲೆ ಕೈಯಿಟ್ಟ. "ಅಮ್ಮಣ್ಣೀ, ಉತ್ತರ ಇದೇ. ನಾನು ಹೇಳೋದಕ್ಕೆ ಮುಂಚೆ ಇದೇ ಹೇಳಿಬಿಡ್ತು."

ಮಂಜಿನಲ್ಲಿ ಯಾರೋ ನಕ್ಕ ಹಾಗಾಯಿತು.

"ಎರಡನೆಯದು. ಒಂದು ಊರಿದೆ. ಅದಕ್ಕೆ ಕಾವಲಿಲ್ಲ, ಸುಂಕವಿಲ್ಲ. ಕುಂಟನೂ ಅಲ್ಲಿಗೆ ಓಡಿಹೋಗುತ್ತಾನೆ, ತಿರುಕನೂ ಅಲ್ಲಿ ಅರಸಾಗುತ್ತಾನೆ. ಎಲ್ಲರೂ ಹೋಗಿಬರುತ್ತಾರೆ, ಆದರೆ ಅಲ್ಲಿಂದ ಒಂದು ಹುಲ್ಲುಕಡ್ಡಿಯನ್ನೂ ಯಾರೂ ತಂದಿಲ್ಲ."

"ಸ್ವರ್ಗ!" ರಾವುತ ಮೀಸೆ ತಿರುವಿದ. "ವೀರರ ಊರು."

"ಹೋಗಿಬರುತ್ತಾರೆ ಎಂದೆ, ರಾವುತರೇ. ಸ್ವರ್ಗದಿಂದ ಬಂದವರಾರು? ನೀವೂ ದೋಣಿ ಹತ್ತಿ."

ಸಣ್ಣೀರ ಕಣ್ಣು ಮುಚ್ಚಿದ. ನಿನ್ನೆ ದಾರಿಯ ಮರದ ಕೆಳಗೆ ಮಲಗಿದ್ದಾಗ ಈ ಬಾಗಿಲು ತಾನಾಗಿ ತೆರೆದಿತ್ತು. ಕೆಂಪವ್ವ ಬಿಸಿ ಮುದ್ದೆ ಬಡಿಸಿದ್ದಳು. ಎದ್ದಾಗ ಕೈಯಲ್ಲಿ ಮುದ್ದೆಯ ಬಿಸಿಯೂ ಇರಲಿಲ್ಲ.

"ಕನಸು," ಎಂದ.

ದನಿ ಸ್ವಲ್ಪ ಹತ್ತಿರ ಬಂತು. "ಮೂರನೆಯದು. ಹೊರಗಿನವನೊಬ್ಬ ನಮ್ಮ ನಾಡಿನಲ್ಲಿ ಬಹುಕಾಲ ಬಾಳಿದ. ಇದ್ದಬದ್ದದ್ದೆಲ್ಲ ಕಟ್ಟಿಕೊಂಡು ಹೋದರೂ ಅವನದೊಂದು ಉಳಿಕೆ ಇಲ್ಲಿದೆ. ಅದು ಹೆಚ್ಚಿದಷ್ಟೂ ಅವನ ತಲೆ ಬಾಗುತ್ತದೆ, ಅವನ ಬೇರು ಇಳಿಯುತ್ತದೆ. ಅದು ತೀರಿದ ದಿನ ಯಾವ ಅರಸನೂ ಅವನನ್ನು ಈ ನೆಲದ ಮೇಲೆ ನಿಲ್ಲಿಸಿಕೊಳ್ಳಲಾರ."

ಸಣ್ಣೀರ ಲೆಕ್ಕ ಹಾಕಿದ. ಉಳಿಕೆ ಎಂದರೆ ಕೂಡಿಟ್ಟದ್ದು. ಅವನು ಕೂಡಿಟ್ಟದ್ದು ಏನೂ ಉಳಿದಿರಲಿಲ್ಲ. ಹೊಳೆಯ ಕಡೆ ನೋಡಿದ. ಈ ಊರಿಗೆ ಬಂದ ಮೊದಲ ದಿನ ಇದೇ ನೀರನ್ನು ಬೊಗಸೆಯಲ್ಲಿ ಕುಡಿದಿದ್ದ. ಜ್ವರ ಬಂದು ಬಿದ್ದಾಗ ಗುರುತಿಲ್ಲದವರು ಗಂಜಿ ಕುಡಿಸಿದ್ದರು. ಯಾವುದನ್ನೂ ಅವನು ತೀರಿಸಿರಲಿಲ್ಲ. ಹೌದು, ಅದೆಲ್ಲ ಉಳಿದೇ ಇತ್ತು!

"ಋಣ!" ಎಂದ. "ಅನ್ನದ ಋಣ, ನೀರಿನ ಋಣ. ಅದು ಹೆಚ್ಚಿದಷ್ಟೂ ತಲೆ ಬಾಗುತ್ತೆ, ಕಾಲು ಊರುತ್ತೆ. ಸತ್ತವನನ್ನು ಕಂಡು ಜನ ಏನಂತಾರೆ, ಅಮ್ಮಣ್ಣೀ? ಋಣ ತೀರಿತು ಅಂತಾರೆ. ನನ್ನದು ಇನ್ನೂ ತೀರಿಲ್ಲ. ಅದಕ್ಕೇ ಬಂದೆ."

ಮಂಜು ಸರಿಯಿತು. ಎದುರಿಗೇ ರಾಜಕುಮಾರಿ ನಿಂತಿದ್ದಳು. "ನಾವು ಇಷ್ಟು ಕಾಲ ತಪ್ಪು ಉಳಿಕೆ ಕೇಳಿದೆವು," ಎಂದಳು. "ಬೇಡಿಕೋ."

"ಆ ಇಬ್ಬರನ್ನು ದೋಣಿಯಿಂದ ಇಳಿಸಿ, ತಾಯೀ."

"ಇಳಿಸಬಹುದು. ಆದರೆ ಒಳಗೆ ಬಿಡಲು ಅವರ ಉಳಿಕೆ ಎಲ್ಲಿ? ಸೆಟ್ಟರೇ, ಇಲ್ಲಿ ಯಾರ ಋಣವಿದೆ ನಿಮಗೆ?"

"ಯಾರದ್ದೂ ಇಲ್ಲ!" ದೋಣಿಯೊಳಗೆ ನಡುಗುತ್ತಲೇ ಸೆಟ್ಟಿ ಎದೆ ಸೆಟೆಸಿದ. "ನಾನು ಯಾರ ಹಂಗಿನಲ್ಲೂ ಇದ್ದವನಲ್ಲ."

"ಇನ್ನು ಮೇಲೆ ಇರ್ತೀರಿ, ಸೆಟ್ಟರೇ," ಎಂದ ಸಣ್ಣೀರ. "ನಿಮ್ಮಿಬ್ಬರ ಜೀವ ಉಳಿದದ್ದಕ್ಕೆ ನನ್ನ ಋಣ."

ಸೆಟ್ಟಿ ಸೆಟೆದ ಎದೆಯನ್ನು ಇಳಿಸಿದ. ರಾವುತ ಜನ್ಮದಲ್ಲಿ ಮೊದಲ ಬಾರಿ ತಲೆ ಬಗ್ಗಿಸಿದ. ರಾಜಕುಮಾರಿ ಕೈಯೆತ್ತಿದಳು. ಇಬ್ಬರೂ ದೋಣಿಯಿಂದ ಇಳಿದರು. ಬಾಗಿಲು ತೆರೆಯಿತು. ಒಳಗೆ ಕೆಂಪವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಇಷ್ಟು ಹೊತ್ತಾ?" ಎಂದಳು.

ಸಣ್ಣೀರನಿಗೆ ಎಂದಿಗೂ ಮಾಸದ ಮುದ್ರೆ ಸಿಕ್ಕಿತು, ಹೊಳೆದಂಡೆಯ ಗದ್ದೆ ಉಂಬಳಿಯಾಗಿ ಸಿಕ್ಕಿತು. ಅವನು ಗಾಬರಿಯಿಂದ ಕೈಮುಗಿದ.

"ಅಮ್ಮಣ್ಣೀ, ಇದರಿಂದ ಋಣ ಇನ್ನೂ ಹೆಚ್ಚಿತಲ್ಲ?"

"ಅದಕ್ಕೇ ಕೊಟ್ಟದ್ದು," ಎಂದಳು ರಾಜಕುಮಾರಿ.