ಪಿಳ್ಳಕ್ಕನ ತೂಬು ನಿಲ್ದಾಣ

ಮಹಾನಗರದ ಸುರಂಗ ಮೆಟ್ರೋದಲ್ಲಿ ಪಿಳ್ಳಕ್ಕನ ತೂಬು ಎಂಬ ನಿಲ್ದಾಣವಿದೆ. ಮೂರು ಅಂತಸ್ತು ಕೆಳಗಿಳಿದರೆ ಬೇಸಿಗೆಯಲ್ಲೂ ಗೋಡೆ ಜಿನುಗುತ್ತಿರುತ್ತದೆ. ಜನ ಮೂಗು ಮುಚ್ಚಿಕೊಂಡು ರೈಲು ಹತ್ತುತ್ತಾರೆ. ಅದು ಕೆರೆಯ ತಳ. ಕೆರೆ ಹೋಗಿ ಹೆಸರಷ್ಟೇ ಹೇಗೆ ಉಳಿಯಿತು ಎಂಬುದನ್ನು ನಿಲ್ದಾಣದ ಹಿಂದಿನ ಕೇರಿಯ ಮುದುಕಿಯರು ಹೇಳುತ್ತಾರೆ. ಹೇಳುವ ಮೊದಲು ಪಕ್ಕಕ್ಕೆ ತಿರುಗಿ ಉಗುಳುತ್ತಾರೆ. ಕೇಳಿ ಮುಗಿದ ಮೇಲೆ ನಮಗೂ ಉಗುಳಬೇಕೆನಿಸುತ್ತದೆ.

ಹಿಂದೆ ಒಮ್ಮೆ ಇಲ್ಲಿ ಊರಿತ್ತು, ಊರಿಗೊಂದು ಕೆರೆಯಿತ್ತು, ಕೆರೆಗೆ ಪಿಳ್ಳಕ್ಕ ನೀರಗಂಟಿಯಾಗಿದ್ದಳು. ತೂಬು ತೆರೆದು ಮುಚ್ಚಿ ಗದ್ದೆಗಳಿಗೆ ಸರದಿಯಂತೆ ನೀರು ಹಂಚುವುದು ನೀರಗಂಟಿಯ ಕೆಲಸ. ಗಂಡ ಸತ್ತ ಮೇಲೆ ಹನ್ನೆರಡು ವರ್ಷ ಅವಳೇ ಆ ಕೆಲಸ ಮಾಡಿದಳು. ಕುತ್ತಿಗೆಮಟ್ಟ ನೀರಿಗಿಳಿದು, ಉಸಿರು ಬಿಗಿಹಿಡಿದು ಮುಳುಗಿ, ತೂಬಿನ ಬಾಯಿಗೆ ಜಡಿದ ಕುಂಬಳಕಾಯಿ ಗಾತ್ರದ ಬಿರಡೆಗಲ್ಲನ್ನು ಓರೆ ಮಾಡುತ್ತಿದ್ದಳು. ಎಷ್ಟು ಓರೆ ಮಾಡಿದರೆ ಎಷ್ಟು ನೀರು ಎಂಬುದು ಅವಳ ಕೈಗೆ ಗೊತ್ತಿತ್ತು. ಕಲ್ಲನ್ನು ಪೂರ್ತಿ ಕಿತ್ತರೆ ತೂಬು ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ತೂಬಿನ ವಿಷಯದಲ್ಲಿ ಪಟೇಲನೂ ನೀರಗಂಟಿಯ ಮಾತು ಮೀರುವಂತಿರಲಿಲ್ಲ.

ಮಳೆ ಕೈಕೊಟ್ಟ ಒಂದು ವರ್ಷ ಪಟೇಲ ಚನ್ನೀರಪ್ಪ ಕೆರೆ ಏರಿಯ ಮೇಲೆ ಬಂದು ನಿಂತ.

"ಏನೇ ಪಿಳ್ಳಿ, ನನ್ನ ಕಬ್ಬಿಗೆ ಇನ್ನೆರಡು ದಿನ ನೀರು ಬಿಟ್ಟರೆ ನಿಮ್ಮಪ್ಪನ ಮನೆ ಗಂಟೇನೇ ಹೋಗ್ತದೆ?"

"ಕಡೇ ಗದ್ದೆ ನೆನೆಯೋವರೆಗೂ ಮೇಲ್ಗದ್ದೆಗೆ ಎರಡನೇ ಸರದಿ ಇಲ್ಲ ಪಟೇಲ್ರೆ. ನಿಮ್ಮಪ್ಪಾರೂ ಕಾದವ್ರೆ, ನೀವೂ ಕಾಯ್ರಿ."

ಕಡೇ ಗದ್ದೆಗಳು ಅವಳ ಕೇರಿಯವರವು. ಆ ನೀರು ತಪ್ಪಿದರೆ ಕೇರಿಗೆ ಆ ವರ್ಷ ಅನ್ನವಿಲ್ಲ. ಮಾತಿನಲ್ಲಿ ಸೋತ ಪಟೇಲ ಪುರೋಹಿತನನ್ನು ಕರೆಸಿದ. ಆ ಕೇರಿಯ ಹೆಂಗಸು, ಅದರಲ್ಲೂ ಗಂಡ ಸತ್ತವಳು, ಮುಟ್ಟಿ ಮುಟ್ಟಿ ಕಲ್ಲು ಮೈಲಿಗೆಯಾಗಿದೆ, ಮಳೆ ಹೋದದ್ದೇ ಅದರಿಂದ ಎಂದು ತೀರ್ಮಾನವಾಯಿತು. ಹನ್ನೆರಡು ವರ್ಷ ಆ ನೀರನ್ನೇ ಕುಡಿದು, ಅದರಲ್ಲೇ ಅನ್ನ ಬೇಯಿಸಿಕೊಂಡು ಉಂಡವರು ಮಾಡಿದ ತೀರ್ಮಾನ! ಅವಳನ್ನು ಕೆಲಸದಿಂದ ತೆಗೆದರು. ಇಬ್ಬರು ಆಳುಗಳನ್ನು ಇಳಿಸಿ ಬಿರಡೆಗಲ್ಲನ್ನು ಬುಡಸಮೇತ ಕೀಳಿಸಿ, ಶುದ್ಧಿ ಮಾಡಲು ಏರಿಯ ಮೇಲಕ್ಕೆ ತರಿಸಿದರು. ಮಂತ್ರ ಮುಗಿದ ಮೇಲೆ ಮತ್ತೆ ಹಾಕಿದರಾಯಿತು ಎಂದುಕೊಂಡರಂತೆ. ಸೆಗಣಿ, ಗಂಜಲ, ತುಪ್ಪ ಕಲ್ಲಿನ ಮೇಲೆ ಸುರಿಯುತ್ತಲೇ ಇದ್ದವು. ಕೆಳಗೆ ಕೆರೆ ಬೋರ್ಗರೆಯುತ್ತಿತ್ತು.

ಸದ್ದು ಕೇಳಿದ್ದೇ ಪಿಳ್ಳಕ್ಕ ಕೇರಿಯಿಂದ ಓಡಿಬಂದಳು. ತೂಬಿನ ಗಾರೆ ಹೆಂಟೆ ಹೆಂಟೆಯಾಗಿ ಕಿತ್ತು ಬರುತ್ತಿತ್ತು. ನೀರಿನ ಸೆಳೆತ ಕಂಡು ಆಳುಗಳು ದಡ ಬಿಟ್ಟು ಇಳಿಯಲಿಲ್ಲ. ಯಾವ ಮಗ್ಗುಲಿಂದ ಇಳಿದರೆ ಸೆಳೆತಕ್ಕೆ ಸಿಗುವುದಿಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತು. ಸೆರಗು ಬಿಗಿದು ಎರಡೂ ಕೈ ಚಾಚಿದಳು.

"ಕೊಡ್ರಿ ಕಲ್ಲು, ಇಳೀತೀನಿ."

"ಮಡಿಯ ಕಲ್ಲು ಕಣೇ!" ಎಂದು ಪುರೋಹಿತ ಅರಚಿದ. "ಪಟೇಲ್ರೆ, ಅವಳ ಕೈ ತಾಗಿದರೆ ನಿಮಗೂ ಸ್ನಾನ."

"ಅಯ್ಯನೋರೆ, ಇಷ್ಟು ವರ್ಷ ನೀವು ಕುಡಿದ ನೀರು ನನ್ನ ಮೈ ತೊಳ್ಕಂಡೇ ಬಂದದ್ದು. ಆಗ ಹೋಗದ ಮಡಿ ಈಗ ಹೋಗ್ತದಾ? ಬೇಗ ಕೊಡ್ರಿ, ಕೆರೆ ಹೋಯ್ತದೆ!"

ಆ ಕೇರಿಯವರಿಗೆ ಏನು ಕೊಟ್ಟರೂ ಕೈ ತಾಗದಂತೆ ಮೇಲಿನಿಂದ ಬಿಡುವುದು ಊರಿನ ರೂಢಿ. ಕೆರೆಯೇ ಹರಿದುಹೋಗುತ್ತಿದ್ದಾಗಲೂ ಪಟೇಲ ಆ ರೂಢಿ ಬಿಡಲಿಲ್ಲ. ಕಲ್ಲನ್ನು ಎದೆಮಟ್ಟಕ್ಕೆ ಎತ್ತಿ ಅವಳ ಕೈಗೆ ಬಿಟ್ಟ. ತುಪ್ಪ ಮೆತ್ತಿದ್ದ ಕಲ್ಲು ಬೆರಳುಗಳ ನಡುವೆ ಜಾರಿ, ಏರಿಯ ಬಂಡೆಗೆ ಬಡಿದು ಎರಡು ಹೋಳಾಯಿತು. ಸಂಜೆಯೊಳಗೆ ತೂಬು ಕುಸಿದು ಏರಿ ಒಡೆಯಿತು. ಪೂರ್ತಿ ಕೊಚ್ಚಿಹೋದದ್ದು ತಗ್ಗಿನಲ್ಲಿದ್ದ ಅವಳ ಕೇರಿಯ ಪೈರು.

ಪಿಳ್ಳಕ್ಕನಿಂದಲೇ ಕೆರೆ ಹಾಳಾಯಿತೆಂದು ಪಟೇಲನ ಕಡೆಯವರು ಊರೂರಿಗೆ ಹೇಳಿಕೊಂಡು ಬಂದರು. ಹಾಳುಬಿದ್ದ ಜಾಗವನ್ನು ಪಿಳ್ಳಕ್ಕನ ತೂಬು ಎಂದು ಬೈದು ಕರೆದರು. ಬೈಗುಳವೇ ಹೆಸರಾಗಿ ನಿಂತಿತು ಎನ್ನುತ್ತಾರೆ. ಅವಳು ಮಾತ್ರ ಇನ್ನೂ ಇಪ್ಪತ್ತು ವರ್ಷ ಬದುಕಿ, ಒಣಗಿದ ಕೆರೆಯಂಗಳದಲ್ಲಿ ಹುಲ್ಲು ಕೊಯ್ದು ಹೊಟ್ಟೆ ಹೊರೆದಳಂತೆ.

ಈಗ ನಿಲ್ದಾಣದ ಟಿಕೆಟ್ ಕೌಂಟರಿನ ಎದುರು ಗೋಡೆಯುದ್ದಕ್ಕೂ ಒಂದು ಚಿತ್ರವಿದೆ. ಕೆಳಗೆ 'ಊರಿಗಾಗಿ ಪ್ರಾಣ ಕೊಟ್ಟ ಮಹಾತಾಯಿ' ಎಂದು ಬರೆದಿದ್ದಾರೆ. ಬೆಳ್ಳನೆಯ ಮೈ, ರೇಷ್ಮೆ ಸೀರೆ, ಹಣೆ ತುಂಬ ಕುಂಕುಮ. ಎದುರಿಗೆ ಪಟೇಲನೂ ಪುರೋಹಿತನೂ ಹೂ ಎರಚುತ್ತಿದ್ದಾರೆ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕಲ್ಲಿಗೆಂದು ಚಾಚಿದ್ದ ಅವಳ ಎರಡು ಕೈಗಳನ್ನು ಚಿತ್ರಕಾರ ಒಟ್ಟಿಗೆ ಸೇರಿಸಿ, ಆ ಇಬ್ಬರಿಗೆ ನಮಸ್ಕಾರ ಮಾಡಿಸಿದ್ದಾನೆ.