ಹನ್ನೊಂದು ಚಿತ್ರಗಳಲ್ಲಿ ಒಬ್ಬಳೇ ಹೆಂಗಸು

ಚಿತ್ರ ಬಿಡಿಸುವುದನ್ನು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಬಿಡಿಸಿದ ಚಿತ್ರವನ್ನು ನೋಡುವುದು ಹೇಗೆಂದು ಕಲಿಸುತ್ತಿದ್ದವರು, ನನಗೆ ತಿಳಿದಂತೆ, ಫಕೀರಪ್ಪ ಮಾಸ್ತರು ಒಬ್ಬರೇ.

ಮಲಪ್ರಭೆಯ ದಂಡೆಯ ಮೇಲೆ ತಗಡಿನ ಸೂರಿನ ಎರಡು ಕೋಣೆ. ಶಿಷ್ಯರು ಅದನ್ನು ಆಶ್ರಮ ಎನ್ನುತ್ತಿದ್ದರು. ಮಾಸ್ತರು ಶೆಡ್ ಎನ್ನುತ್ತಿದ್ದರು.

ಅಲ್ಲಿ ಇದ್ದದ್ದು ಎರಡೇ ನಿಯಮ. ಚಿತ್ರದ ಬಗ್ಗೆ ಬರೆಯುವವರು ಚಿತ್ರದ ಎದುರಿಗೇ ಕೂತು ಬರೆಯಬೇಕು. ಬರೆದದ್ದನ್ನು ಮಾಸ್ತರರ ಮುಂದೆ ಗಟ್ಟಿಯಾಗಿ ಓದಿ, ಆಮೇಲೆ ಅಚ್ಚಿಗೆ ಕಳಿಸಬೇಕು.

ತುಳಸಾ ಮೂರನೇ ವರ್ಷದ ಶಿಷ್ಯೆ. ಬಲು ಜಾಣೆ. ಯಾವ ಚಿತ್ರ ತೋರಿಸಿದರೂ ಅದರ ಹಿಂದೆ ಏನಿದೆ ಎಂದು ಥಟ್ಟನೆ ಹೇಳುತ್ತಿದ್ದಳು. ಚಿತ್ರದಲ್ಲಿ ಏನಿದೆ ಎಂದು ಕೇಳಿದರೆ ಮಾತ್ರ ಸ್ವಲ್ಪ ತಡವರಿಸುತ್ತಿದ್ದಳು.

ಅವಳಿಗೆ ಒಂದು ಮಾಸಪತ್ರಿಕೆಯವರು ಎರಡು ಪುಟ ಕೊಟ್ಟಿದ್ದರು. ಅವಳ ಹೆಸರಿನಲ್ಲಿ ಅಚ್ಚಾಗಲಿದ್ದ ಮೊದಲ ಲೇಖನ ಅದು. ವಿಷಯ, ದ್ಯಾಮಣ್ಣ ಕಮ್ಮಾರ ಎಂಬ ಹಿರಿಯರ ಚಿತ್ರಪ್ರದರ್ಶನ.

ದ್ಯಾಮಣ್ಣ ಮೂವತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಇದು ಅವರ ಜೀವಮಾನದ ಮೊದಲ ಪ್ರದರ್ಶನ. ಪೇಟೆಯ ಹಳೇ ಹತ್ತಿ ಗೋದಾಮಿನಲ್ಲಿ ಹನ್ನೊಂದು ಚಿತ್ರ ತೂಗುಹಾಕಿದ್ದರು. ಕಾಗದದ ಮೇಲೆ ಕಪ್ಪು, ಕಪ್ಪಿನ ಮೇಲೆ ನೀಲಿ, ಮತ್ತೆ ಕಪ್ಪು. ಗಿಡವಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ತುಳಸಾ ಹಾಳೆಗಳನ್ನು ಹಿಡಿದು ಬಂದಳು.

"ಕುಂದರವಾ," ಎಂದರು ಮಾಸ್ತರು. "ಓದು."

ಓದಿದಳು. ಲೇಖನ ಹರಿತವಾಗಿತ್ತು.

ದ್ಯಾಮಣ್ಣನವರ ಚಿತ್ರಗಳಲ್ಲಿ ಯಾರೂ ಇಲ್ಲವೆಂದು ಎಲ್ಲರೂ ಹೇಳುತ್ತಾರೆ, ಅದು ಸುಳ್ಳು, ಎಂದಿತ್ತು ಮೊದಲ ಸಾಲು. ಹನ್ನೊಂದರಲ್ಲೂ ಒಬ್ಬಳು ಹೆಂಗಸು ಇದ್ದಾಳೆ. ಮಸುಕಾಗಿ, ಕತ್ತಲೊಳಗೆ ನಿಂತಿದ್ದಾಳೆ. ಎರಡೂ ಕೈ ಎತ್ತಿ ಮುಖ ಮುಚ್ಚಿಕೊಂಡಿದ್ದಾಳೆ.

ಕಲಾವಿದರ ಹೆಂಡತಿ ಪಾರವ್ವ ತೀರಿಕೊಂಡು ಎರಡು ವರ್ಷವಾಯಿತು, ಎಂದು ಮುಂದುವರಿದಿತ್ತು. ಬದುಕಿದ್ದಾಗ ಆಕೆಗೆ ಈ ಮನುಷ್ಯ ಏನು ಮಾಡಿರಬಹುದು? ಸತ್ತ ಮೇಲೂ ಆಕೆ ಯಾಕೆ ಮುಖ ತೋರಿಸಲೊಲ್ಲಳು? ಈ ಹನ್ನೊಂದು ಚಿತ್ರಗಳು ಒಬ್ಬ ಗಂಡನ ತಪ್ಪೊಪ್ಪಿಗೆ.

ಓದಿ ಮುಗಿಸಿ ಅವಳು ತಲೆ ಎತ್ತಿದಳು. ಮಾಸ್ತರು ನದಿಯ ಕಡೆ ನೋಡುತ್ತಿದ್ದರು.

"ಚಲೋ ಬರದೀದಿ. ನಾನೂ ಆ ಹನ್ನೊಂದು ಚಿತ್ರ ನೋಡೀನಿ. ನನಗ ಈ ಹೆಣ್ಮಗಳು ಕಾಣಲಿಲ್ಲ."

"ಯಾರಿಗೂ ಕಂಡಿಲ್ರಿ ಮಾಸ್ತರ. ಅದಕ್ಕ ಇದು ಹೊಸಾ ಮಾತು."

"ಅಲ್ಲೇ ಕುಂತು ಬರದಿ?"

ತುಳಸಾ ಹಾಳೆಗಳ ಅಂಚು ಸರಿಮಾಡಿದಳು. "ಫೋಟೋ ತಕ್ಕೊಂಡು ಬಂದಿದ್ದೆ ರೀ. ರೂಮಿನ್ಯಾಗ ದೊಡ್ಡದು ಮಾಡಿ ಮಾಡಿ ನೋಡಿದೆ. ಹಂಗ ನೋಡಿದಾಗನ ಆಕಿ ಕಂಡಿದ್ದು."

"ಪತ್ರಿಕಾದವರಿಗೆ ಯಾವಾಗ ಕಳಸ್ತಿ?"

ತುಳಸಾ ಹಾಳೆಗಳನ್ನು ಮಡಚಿದಳು.

"ಮುಂಜಾನೆನ ಕಳಿಸಿಬಿಟ್ಟೀನ್ರಿ. ನಾಳೆ ಅಚ್ಚಿಗೆ ಹೋಗತೈತಿ ಅಂದಿದ್ರು. ನೀವು ಹೂಂ ಅಂತೀರಿ ಅಂತ ಗೊತ್ತಿತ್ರಿ."

ಎರಡು ನಿಯಮ, ಎರಡೂ ಮುರಿದಿದ್ದವು. ಮಾಸ್ತರು ಬೈಯಲಿಲ್ಲ. ಗೂಟದ ಮೇಲಿದ್ದ ರುಮಾಲು ತೆಗೆದುಕೊಂಡು ನಿಧಾನವಾಗಿ ತಲೆಗೆ ಸುತ್ತಿದರು.

"ಎಲ್ಲಿಗ್ರಿ?"

"ಪ್ಯಾಟಿಗೆ. ಆ ಹೆಣ್ಮಗಳನ್ನ ನನಗೂ ಭೆಟ್ಟಿ ಮಾಡಸು."

ಗೋದಾಮಿನ ಬಾಗಿಲಲ್ಲಿ ದ್ಯಾಮಣ್ಣ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ತುಳಸಾಳನ್ನು ಕಂಡು ಅವರ ಮುಖ ಅರಳಿತು.

"ಮತ್ತ ಬಂದ್ಯಾ ತಂಗಿ? ನೋಡ್ರಿ ಮಾಸ್ತರ, ನಿಮ್ಮನ್ನ ಬಿಟ್ಟರ ಇಲ್ಲಿಗೆ ಎರಡನೇ ಸಲ ಬಂದಾಕಿ ಈಕಿ ಒಬ್ಬಾಕಿನ."

ತುಳಸಾ ನೆಲ ನೋಡಿದಳು. ಬರೆಯುವಾಗ ಆ ಮನುಷ್ಯ ಅವಳಿಗೆ ಒಂದು ಹೆಸರಷ್ಟೇ ಆಗಿದ್ದರು. ಈಗ ಅವರ ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿದ್ದು ಕಾಣುತ್ತಿತ್ತು.

ಚಿತ್ರಗಳಿಗೆಲ್ಲ ಕಟ್ಟು ಹಾಕಿಸಿ ಗಾಜು ಕೂಡಿಸಿದ್ದರು. ಒಂದೊಂದು ಚಿತ್ರದ ಎದುರಿಗೂ ಸೂರಿನಲ್ಲಿ ಒಂದೊಂದು ಬೆಳಕಿಂಡಿ. ತುಳಸಾ ಮೊದಲನೇ ಚಿತ್ರದ ಮುಂದೆ, ಬೆಳಕಿಂಡಿಯ ಕೆಳಗೆ, ಅಂದು ನಿಂತಲ್ಲೇ ಹೋಗಿ ನಿಂತಳು. ಮಾಸ್ತರು ಅವಳ ಪಕ್ಕಕ್ಕೆ ಬಂದು ನಿಂತರು.

"ಎಲ್ಲಿ ಅದಾಳ?"

"ಬರೇ ಕಣ್ಣಿಗೆ ಸಿಗೂದಿಲ್ರಿ. ತಡೀರಿ, ಫೋಟೋ ತಗದು ತೋರಸ್ತೀನಿ."

ಮೊಬೈಲನ್ನು ಎರಡೂ ಕೈಯಲ್ಲಿ ಮುಖದ ಮುಂದೆ ಎತ್ತಿ ಹಿಡಿದು ಫೋಟೋ ತೆಗೆದಳು. ಬೆರಳಿಂದ ದೊಡ್ಡದು ಮಾಡಿ ಮಾಸ್ತರರ ಮುಂದೆ ಹಿಡಿದಳು.

"ಇಲ್ಲಿ ನೋಡ್ರಿ. ಕೈ ಎತ್ತಿ ಮುಖ ಮುಚ್ಚಿಕೊಂಡು ನಿಂತಾಳ."

"ಹೌದವಾ, ಕಂಡಳು," ಎಂದರು ಮಾಸ್ತರು. "ಆಕಿ ಬಾಜೂಕ ನಿಂತಾಂವ ಯಾರು?"

"ಯಾರೂ ಇಲ್ಲಲ್ರಿ."

"ಅದಾನ ನೋಡು. ರುಮಾಲ ಸುತ್ತ್ಯಾನ."

ತುಳಸಾ ಫೋಟೋ ನೋಡಿದಳು. ಗಾಜನ್ನು ನೋಡಿದಳು. ಎತ್ತಿದ ಕೈಯನ್ನು ಕೆಳಗಿಳಿಸಿದಳು. ಗಾಜಿನೊಳಗಿನ ಹೆಂಗಸೂ ಇಳಿಸಿದಳು.

ಹನ್ನೊಂದು ಚಿತ್ರ, ಹನ್ನೊಂದು ಫೋಟೋ, ಹನ್ನೊಂದರಲ್ಲೂ ತಾನೇ. ಇಷ್ಟಕ್ಕಾಗಿ ಬಾಗಿಲಲ್ಲಿ ಕೂತ ಆ ಮನುಷ್ಯನನ್ನು, ಅವರ ಸತ್ತ ಹೆಂಡತಿಯನ್ನು ಬೀದಿಗೆ ತಂದಿದ್ದಳು.

"ಮಾಸ್ತರ," ಎಂದಳು.

"ಇಲ್ಲಿ ಫೋನ್ ಹತ್ತೂದಿಲ್ಲ," ಎಂದರು ಅವರು. "ಹೊರಗ ಬೇವಿನ ಗಿಡದ ಕೆಳಗ ಹತ್ತತೈತಿ."

ಓಡಿದಳು. ಬಾಗಿಲಲ್ಲಿ ದ್ಯಾಮಣ್ಣನವರನ್ನು ದಾಟುವಾಗ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ಸಂಪಾದಕರು ಮೂರನೇ ಸಲಕ್ಕೆ ಫೋನ್ ಎತ್ತಿದರು. ಹಿಂದೆ ವಾಲಗದ ಸದ್ದು.

"ಸರ್, ನಾನು ತುಳಸಾ. ನನ್ನ ಲೇಖನ..."

"ಬಂದೈತಿ, ಬಂದೈತಿ. ಇನ್ನೂ ತೆಗೆದೇ ನೋಡಿಲ್ರೀ. ಅಕ್ಕನ ಮಗಳ ಮದುವ್ಯಾಗ ಅದೀನಿ. ರಾತ್ರಿ ನೋಡಿ ಮುಂಜಾನೆ ಅಚ್ಚಿಗೆ ಕೊಡ್ತೀನಿ."

"ಕೊಡಬ್ಯಾಡ್ರಿ. ಅಳಿಸಿಬಿಡ್ರಿ. ಅದು ತಪ್ಪೈತಿ."

"ಎಷ್ಟು ತಪ್ಪು? ನಾನ ತಿದ್ದಿದ್ರ ಆಗೂದಿಲ್ಲೇನು?"

"ಆಗೂದಿಲ್ರಿ. ಪೂರ್ತಿ ತಪ್ಪೈತಿ."

ಆ ಕಡೆ ಯಾರೋ ಊಟಕ್ಕೆ ಕರೆಯುತ್ತಿದ್ದರು. ಸಂಪಾದಕರು ನಿಟ್ಟುಸಿರು ಬಿಟ್ಟರು.

"ಆತು ಬಿಡ್ರಿ, ಅಳಸ್ತೀನಿ. ಆ ಎರಡು ಪುಟಕ್ಕ ಬ್ಯಾರೆ ಏನರ ಹಾಕ್ತೀನಿ. ಮುಂದಿನ ತಿಂಗಳರ ಸರಿಯಾಗಿ ಬರದು ಕೊಡ್ರಿ."

ತುಳಸಾ ಬೇವಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ಅಳು ಬಂತು, ಅದರ ಬೆನ್ನಿಗೇ ನಗು ಬಂತು. ಒಂದು ಮದುವೆಯ ಊಟ ಅವಳ ಮಾನ ಉಳಿಸಿತ್ತು. ಅವಳದಷ್ಟೇ ಅಲ್ಲ, ಇನ್ನಿಬ್ಬರದು ಕೂಡ.

ಸುಮ್ಮನೆ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ದ್ಯಾಮಣ್ಣನವರ ಕುರ್ಚಿಯ ಮುಂದೆ ನಿಂತು, ಬರೆದದ್ದನ್ನೆಲ್ಲ ಹೇಳಿದಳು. ಪಾರವ್ವನ ಬಗ್ಗೆ ಬರೆದದ್ದನ್ನೂ ಬಿಡಲಿಲ್ಲ.

ದ್ಯಾಮಣ್ಣನವರ ಕೈಯಲ್ಲಿದ್ದ ಚಹಾದ ಕಪ್ಪು ಹಾಗೇ ನಿಂತಿತು. ಒಂದು ಗಳಿಗೆ ಅವರ ಮುಖ ಬಿಗಿಯಿತು. ಆಮೇಲೆ ಅವರು ತಲೆಯಾಡಿಸಿದರು.

"ನಮ್ಮ ಪಾರಿ ಮುಖ ಮುಚ್ಚಿಕೊಳ್ಳೋ ಪೈಕಿ ಅಲ್ಲ ಬಿಡವಾ," ಎಂದರು. "ನನಗೇನರ ಅನ್ನೂದಿತ್ತಂದ್ರ ನಡುಬೀದ್ಯಾಗ ನಿಂತು ಅಂತಿದ್ಲು."

ಹಾಗೆಂದು ಅವರು ನಕ್ಕರು. ನಗುವಾಗ ಕಣ್ಣು ಒದ್ದೆಯಾಗಿತ್ತು. ತುಳಸಾ ಬಾಗಿ ಅವರ ಕಾಲು ಮುಟ್ಟಿದಳು.

ಒಳಗೆ ಮಾಸ್ತರು ನಾಲ್ಕನೇ ಚಿತ್ರದ ಮುಂದೆ ನೆಲದ ಮೇಲೆ ಕೂತಿದ್ದರು. ಅವಳು ಬಂದದ್ದು ಗೊತ್ತಾದರೂ ತಿರುಗಲಿಲ್ಲ.

"ಉಳೀತೇನು?"

"ಉಳೀತ್ರಿ. ಅವರಿಗೂ ಎಲ್ಲಾ ಹೇಳಿದೆ."

"ಚಲೋ ಆತು."

"ಮಾಸ್ತರ, ನಾ ಚಿತ್ರದ ಬಗ್ಗೆ ಬರಿಯೂದು ಬಿಡ್ತೀನ್ರಿ."

"ಈ ಹನ್ನೊಂದರಾಗ ಒಂದನ್ನರ ನೋಡೀದಿ?"

ತುಳಸಾ ಯೋಚಿಸಿದಳು. "ಇಲ್ರಿ."

"ಇನ್ನೂ ಹಿಡದಿಲ್ಲ. ಬಿಡೂದು ಹ್ಯಾಂಗ?"

ತುಳಸಾ ಚೀಲದಿಂದ ನೋಟ್‌ಬುಕ್ ತೆಗೆದಳು. ಮೊಬೈಲನ್ನು ಚೀಲದ ತಳಕ್ಕೆ ಹಾಕಿದಳು. ಮಾಸ್ತರರ ಪಕ್ಕ ಕೂತು ನಾಲ್ಕನೇ ಚಿತ್ರವನ್ನು ನೋಡತೊಡಗಿದಳು.

ಗಾಜಿನಲ್ಲಿ ಮತ್ತೆ ಅವಳೇ ಕಂಡಳು, ಈಗ ಕೂತುಕೊಂಡು. ಕಣ್ಣು ಕಿರಿದು ಮಾಡಿದಳು. ಕತ್ತು ಓರೆ ಮಾಡಿದಳು. ಆ ಹೆಂಗಸು ಜಾಗ ಬಿಟ್ಟು ಕದಲಲಿಲ್ಲ.

ದ್ಯಾಮಣ್ಣ ಬಾಗಿಲಿಂದ ಇದನ್ನೆಲ್ಲ ನೋಡುತ್ತಿದ್ದರು. ಪಾಪ ಅನಿಸಿತೋ ಏನೋ, ಎದ್ದು ಒಳಗೆ ಬಂದರು.

"ಎಲ್ಲಾ ಈ ಗಾಜಿನ ಸಲುವಾಗಿ ಆತ್ರಿ ಮಾಸ್ತರ. ಹುಡುಗಿ ತ್ರಾಸ ಪಡಾಕತ್ತೈತಿ. ಹನ್ನೊಂದೂ ಗಾಜು ಬಿಚ್ಚಿಸಿಬಿಡ್ಲೇನು?"

ಮಾಸ್ತರು ಚಿತ್ರದಿಂದ ಕಣ್ಣು ಕೀಳದೆ ಹೇಳಿದರು:

"ಬ್ಯಾಡ ದ್ಯಾಮಣ್ಣ, ಗಾಜು ಇರಲಿ. ಆಕಿ ಸ್ವಲ್ಪ ಬಾಜೂಕ ಸರೀತಾಳ."