ಬಿಳಿ ಜಿಲ್ಲೆಯ ಮೇಲೆ ಕೂತ ಸೊಳ್ಳೆ

ಯುರೋಪಿನ ಒಂದು ಆರೋಗ್ಯ ಕಚೇರಿಯ ಗೋಡೆಯ ಮೇಲೆ ಹಳೆಯ ನಕ್ಷೆಯೊಂದು ತೂಗುತ್ತಿತ್ತು. ಸೊಳ್ಳೆ ಕಚ್ಚಿ ಜನರಿಗೆ ವೈರಸ್ ಜ್ವರ ಬಂದಿದೆಯೆಂದು ಯಾವ ಜಿಲ್ಲೆ ವರದಿ ಕಳಿಸುತ್ತದೋ, ಆ ಜಿಲ್ಲೆಗೆ ಅಧಿಕಾರಿ ವಾರವಾರವೂ ಕೆಂಪು ಬಳಿಯುತ್ತಿದ್ದ. ಬೇಸಿಗೆ ಮುಗಿಯುವಷ್ಟರಲ್ಲಿ ನಕ್ಷೆಗೆ ಮೈಯೆಲ್ಲ ಭಾರವಾಗಿ, ಕುಂಚ ಕಂಡರೆ ಸಾಕು, ನಿಟ್ಟುಸಿರು ಬರುತ್ತಿತ್ತು.

ಒಂದು ಮಧ್ಯಾಹ್ನ ಹೊಟ್ಟೆ ತುಂಬಿದ ಸೊಳ್ಳೆಯೊಂದು ಕಿಟಕಿಯಿಂದ ಬಂದು, ನದಿಯಾಚೆಯ ಬಿಳಿ ಜಿಲ್ಲೆಯ ಮೇಲೆ ಕೂತಿತು.

"ಅಲ್ಲೇಕೆ ಕೂತೆಯಮ್ಮ? ನಿನ್ನವರೆಲ್ಲ ಇರುವುದು ಕೆಂಪು ಜಿಲ್ಲೆಗಳಲ್ಲಿ," ಎಂದಿತು ನಕ್ಷೆ.

"ಅಲ್ಲಿ ಬಾಳುವುದು ಕಷ್ಟ, ಅಜ್ಜ. ಜ್ವರ ಬಂದವರ ರಕ್ತ ಪರೀಕ್ಷಿಸುತ್ತಾರೆ, ನಿಂತ ನೀರನ್ನೆಲ್ಲ ಚೆಲ್ಲುತ್ತಾರೆ. ಈ ಬಿಳಿ ಜಿಲ್ಲೆಯವರು ಜ್ವರ ಬಂದರೆ ಬಿಸಿಲಿನ ತಾಪ ಎಂದುಕೊಂಡು ಮಲಗಿಬಿಡುತ್ತಾರೆ. ಅದಕ್ಕೇ ನಾವು ಇಲ್ಲಿ ಸಂಸಾರ ಹೂಡಿದೆವು. ಈಗಷ್ಟೇ ಅಂಥ ರೋಗಿಯೊಬ್ಬನ ರಕ್ತ ಕುಡಿದು ಬಂದೆ."

"ನನ್ನ ಮೈಯಲ್ಲಿ ಹಗುರವಾಗಿದ್ದದ್ದು ಅದೊಂದೇ ಮೂಲೆ," ಎಂದಿತು ನಕ್ಷೆ.

ಅಷ್ಟರಲ್ಲಿ ಅಧಿಕಾರಿ ಒಳಗೆ ಬಂದ. ಸೊಳ್ಳೆಯನ್ನು ಕಂಡವನೇ ಅಂಗೈ ಬೀಸಿ ಹೊಡೆದ. ಸೊಳ್ಳೆ ಅಲ್ಲೇ ಅಪ್ಪಚ್ಚಿಯಾಗಿ, ಬಿಳಿ ಜಿಲ್ಲೆಯ ನಟ್ಟನಡುವೆ ಒಂದು ಕೆಂಪು ಚುಕ್ಕೆ ಮೂಡಿತು.

ಅಂತೂ ಆ ಜಿಲ್ಲೆಯ ಸುದ್ದಿ ಬಂದು ಮುಟ್ಟಿತು ಎಂದುಕೊಂಡಿತು ನಕ್ಷೆ.

ಅಧಿಕಾರಿ ಬಗ್ಗಿ ಚುಕ್ಕೆಯನ್ನು ನೋಡಿದ. "ಇಲ್ಲಿಂದ ವರದಿಯೇ ಬಂದಿಲ್ಲವಲ್ಲ, ಸುಮ್ಮನೆ ನಕ್ಷೆ ಕೊಳೆಯಾಯಿತು," ಎಂದು ಗೊಣಗಿ, ಒದ್ದೆ ಬಟ್ಟೆ ತಂದು ಉಜ್ಜಿದ.

ಆ ಜಿಲ್ಲೆ ಮೊದಲಿಗಿಂತ ಬೆಳ್ಳಗಾಯಿತು.